ಹೆಸರು ಬದಲಾದ ಜಪಾನಿ ಸಿನಿಮಾ

ಹಾವಗೆಪ್ಪನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಭಾಲ್ಕಿ, ಔರಾದ, ಕಮಲನಗರದ ಸಂತೆ, ಅಡತಿ ಅಂಗಡಿ, ಪೆಟ್ರೋಲ್ ಬಂಕುಗಳನ್ನು ಸುತ್ತಿ ಸುತ್ತಿ ಅವರಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾರಾದರೂ ನಕ್ಕು ಮಾತಾಡಿಸಿದರೆ ಅವರ ಮುಖ ನೋಡುತ್ತಿರಲಿಲ್ಲ, ಕೈ ಎಲ್ಲಿದೆ ಎಂದು ನೋಡುತ್ತಿದ್ದರು. ಮನೆಗೆ ಬಂದ ಬೀಗರು ಅಡುಗೆ ಭಾಳ ಛಲೋ ಆಗೇದ ಎಂದರೆ ಅವರ ತಾಟಿನಲ್ಲಿ ಎಷ್ಟು ಉಳಿದಿದೆ ಎಂಬ ಕಡೆಗೇ ಇವರ ಕಣ್ಣು. ಹೆಂಡತಿ ದಾನಮ್ಮ ಇದಕ್ಕೆ ಒಗ್ಗಿಹೋಗಿದ್ದರು. ಬೀದರಿನ ಉಳಿದ ಜನ ಒಗ್ಗಿರಲಿಲ್ಲ.

ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಜಾವೀದರ ಸೌಂಡ್ ಸಿಸ್ಟಮ್ ಅಂಗಡಿ ಇದೆ. ಮದುವೆ, ಸಭೆ, ಉರುಸುಗಳಿಗೆ ಮೈಕು ಕೊಡುವ ಅಂಗಡಿ. ಅದರ ಮೇಲಿನ ಉದ್ದ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೆಲವರು ಸೇರಿ ಸಿನಿಮಾ ನೋಡುತ್ತಿದ್ದರು. ಪರದೆ, ಪ್ರೊಜೆಕ್ಟರು ಜಾವೀದರದು. ಸಿನಿಮಾಕ್ಕೆ ಮುಂಚೆ ಮತ್ತು ನಂತರ ಮಾತಾಡುವ ಕೆಲಸ ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ನಂದಕುಮಾರರದು. ಸಿನಿಮಾ ತರಿಸಿ, ಎಲ್ಲರಿಗೂ ತಿಳಿಸಿ, ಕುರ್ಚಿ ಹಾಕಿಸುವ ಕಾರ್ಯದರ್ಶಿ ಹಾವಗೆಪ್ಪನವರು. ಸಿನಿಮಾ ಅವರಿಗೆ ಅಂಥ ಹುಚ್ಚೇನಲ್ಲ. ನಿವೃತ್ತಿಯ ನಂತರ ನಾಲ್ಕು ಜನರ ನಡುವೆ ಕೂರುವ ಒಂದು ನೆಪ ಬೇಕಿತ್ತು.

ಮಂಜಿರಿ ಈ ಬಳಗಕ್ಕೆ ಹೊಸಬಳು. ಹಲ್ಲಿನ ಡಾಕ್ಟರು. ತವರು ಬೀದರ, ದವಾಖಾನೆ ಔರಾದದಲ್ಲಿ, ಗಂಡನ ಮನೆಯೂ ಅಲ್ಲೇ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಬಂದ ಎರಡನೇ ತಿಂಗಳಲ್ಲೇ ಅವಳು ಎದ್ದು ನಿಂತು, ಜಪಾನಿನ ಒಂದು ಆ್ಯನಿಮೇಶನ್ ಸಿನಿಮಾ ಹಾಕೋಣ ಎಂದಳು.

"ಕಾರ್ಟೂನ್ ಏನ್ರಿ ಡಾಕ್ಟರಬಾಯಿ?" ಎಂದರು ಜಾವೀದ. "ನಮ್ಮ ಮೊಮ್ಮಕ್ಕಳು ಊಟ ಮಾಡೋವಾಗ ನೋಡ್ತಾವಲ್ಲ, ಅದೇ?"

"ಅದಲ್ಲ ಭಾಯಿ. ಜಗತ್ತಿನಾಗ ಎಷ್ಟು ಮಂದಿ ಅದನ್ನ ತಲಿ ಮ್ಯಾಲ ಹೊತ್ತಾರ ಗೊತ್ತದ? ನಾ ಮೂರು ಸಲ ನೋಡೀನಿ. ಅತ್ತೀನಿ ಸೈತ."

"ಕಥಿ ಏನವ್ವಾ?" ಎಂದು ಹಾವಗೆಪ್ಪ ಕೇಳಿದರು.

"ಕಥಿ ಹೇಳಂಗಿಲ್ಲ ಕಾಕಾ. ಹೇಳಿದ್ರ ಮಜಾ ಹೋಗ್ತದ. ನೀವ್ಯಾರೂ ಮೊಬೈಲ್‌ನಾಗ ಓದಿಕೊಂಡು ಬರಬ್ಯಾಡ್ರಿ."

ನಂದಕುಮಾರರು ಕೂಡಲೇ ತಲೆಯಾಡಿಸಿ, ಅದು ವಿಶ್ವದ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ನಿಲ್ಲುವಂಥದ್ದು, ನೋಡದವರು ಸಿನಿಮಾದ ಬಗ್ಗೆ ಮಾತಾಡಬಾರದು ಎಂದರು. ಹಾವಗೆಪ್ಪನವರ ಕಿವಿ ನೆಟ್ಟಗಾಯಿತು. ಹೊಗಳುವವಳು ಕಥೆ ಹೇಳಲು ಒಲ್ಲೆ ಎನ್ನುತ್ತಾಳೆ. ಇನ್ನೊಬ್ಬರು ಹೊಗಳುತ್ತಾರೆ, ಆದರೆ ನೋಡಿದ್ದೇನೆ ಎಂಬ ಮಾತು ಮಾತ್ರ ಬಾಯಿಂದ ಬರುವುದಿಲ್ಲ.

ಸಿನಿಮಾ ಸಿಕ್ಕಿತು. ಮನೆಯಲ್ಲಿ ಟೀವಿಗೆ ಹಚ್ಚಿ ನೋಡಲು ಕೂತರು. ಹಿಮ ಬೀಳುವ ಒಂದು ಊರು, ಗಂಟೆ ಎರಕ ಹೊಯ್ಯುವವನೊಬ್ಬ, ಅವನ ಹೆಂಡತಿ, ಮಗಳು. ಗುಡಿಗೆಂದು ಹೊಯ್ದ ದೊಡ್ಡ ಗಂಟೆ ಸಪ್ಪಳವನ್ನೇ ಮಾಡುವುದಿಲ್ಲ. ಅವಮಾನಕ್ಕೆ ಅವನು ಊರು ಬಿಟ್ಟು ಹೋಗುತ್ತಾನೆ. ತಾಯಿ ಮಗಳು ಅನ್ನ ಉಣ್ಣುತ್ತಾರೆ. ಉಣ್ಣುತ್ತಾರೆ. ಇನ್ನೂ ಉಣ್ಣುತ್ತಾರೆ. ಮಾತಿಲ್ಲ, ಹಾಡಿಲ್ಲ. ಹಾವಗೆಪ್ಪನವರು ಟೀವಿ ಆರಿಸಿಬಿಟ್ಟರು. ಅನ್ನ ಉಣ್ಣುವುದನ್ನು ನೋಡಿ ಜಗತ್ತೆಲ್ಲ ಅತ್ತಿತಂತೆ! ಇದರಲ್ಲಿ ಏನೋ ಮೋಸವಿದೆ. ಒಬ್ಬ ಹೊಗಳಿದ, ಅವನಿಗೆ ಹೆದರಿ ಇನ್ನೊಬ್ಬ ಹೊಗಳಿದ, ಹೀಗೇ ಬೀದರದವರೆಗೆ ಬಂದಿದೆ ಎಂದು ಅವರಿಗೆ ಖಾತ್ರಿಯಾಯಿತು.

ಆಗಲೇ ಅವರಿಗೆ ಆ ಉಪಾಯ ಹೊಳೆದದ್ದು. ಹುಡುಕಿ ಹುಡುಕಿ ಇನ್ನೊಂದು ಜಪಾನಿ ಕಾರ್ಟೂನ್ ಸಿನಿಮಾ ತರಿಸಿದರು. ಯಾರೂ ಅದರ ಬಗ್ಗೆ ಎರಡು ಸಾಲು ಬರೆದಿರಲಿಲ್ಲ. ಮಳೆ ನಿಲ್ಲದ ಊರಿನಲ್ಲಿ ಕೊಡೆ ರಿಪೇರಿ ಮಾಡುವ ಒಬ್ಬ ಮುದುಕ, ಅವನ ಅಂಗಡಿಗೆ ಬಂದು ಸೇರಿಕೊಳ್ಳುವ ಒಂದು ಕಪ್ಪೆ, ಇಷ್ಟೇ ಅದರ ಕಥೆ. ಹೆಸರು ಬರುವುದು ಜಪಾನಿ ಲಿಪಿಯಲ್ಲಿ. ಬೀದರಿನಲ್ಲಿ ಅದನ್ನು ಓದುವವರು ಯಾರು? ದಾನಮ್ಮನಿಗೂ ಹೇಳಲಿಲ್ಲ.

ಭಾನುವಾರ ಕೋಣೆ ತುಂಬಿತ್ತು. ನಂದಕುಮಾರರು ಎಂದಿಗಿಂತ ಉದ್ದನೆಯ ಪೀಠಿಕೆ ಹೇಳಿದರು. ಯಾವ ಯಾವ ದೇಶದಲ್ಲಿ ಇದಕ್ಕೆ ಏನೇನು ಗೌರವ ಸಿಕ್ಕಿತು, ಎಂಥೆಂಥವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎಲ್ಲ ಬಂತು. ಸಿನಿಮಾದೊಳಗೆ ಏನಿದೆ ಎಂಬುದೊಂದು ಬರಲಿಲ್ಲ. ದೀಪ ಆರಿತು. ಹಾವಗೆಪ್ಪನವರು ಗೋಡೆಯ ಬದಿಗೆ, ಪರದೆಗೆ ಓರೆಯಾಗಿ ಕುರ್ಚಿ ಹಾಕಿಕೊಂಡು, ಜನರ ಮುಖ ನೋಡುತ್ತ ಕೂತರು.

ಪರದೆಯ ಮೇಲೆ ಮಳೆ ಶುರುವಾದ ಕೂಡಲೇ ಮಂಜಿರಿ ನೆಟ್ಟಗಾದಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ತಿರುಗಿ ಇವರ ಕಡೆ ನೋಡಿದಳು. ಹಾವಗೆಪ್ಪ ಕಣ್ಣು ತಪ್ಪಿಸಿದರು. ಅವಳು ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಆಮೇಲೆ ಸುಮ್ಮನೆ ಹಿಂದಕ್ಕೆ ಒರಗಿ ಕೂತುಬಿಟ್ಟಳು. ಸಿಕ್ಕಿಬಿದ್ದಳು ಎಂದುಕೊಂಡರು ಹಾವಗೆಪ್ಪ. ಮೂರು ಸಲ ನೋಡಿದವಳಿಗೆ ಗಂಟೆಗೂ ಕೊಡೆಗೂ ವ್ಯತ್ಯಾಸ ತಿಳಿಯದೆ?

ಸಿನಿಮಾ ಮುಗಿದಾಗ ಚಪ್ಪಾಳೆ ಬಿತ್ತು. ಜಾವೀದರು ಕಣ್ಣೊರೆಸಿಕೊಂಡು "ಕ್ಯಾ ಬಾತ್ ಹೈ" ಎಂದರು. ನಂದಕುಮಾರರು ಎದ್ದು, ಈ ಚಿತ್ರದಲ್ಲಿ ಕೊಡೆ ಎಂದರೆ ಕೊಡೆಯಲ್ಲ, ಮನುಷ್ಯ ತನ್ನ ಮತ್ತು ಆಕಾಶದ ನಡುವೆ ಕಟ್ಟಿಕೊಂಡ ತತ್ತ್ವ, ಜಗತ್ತಿನ ವಿಮರ್ಶಕರೆಲ್ಲ ಒಪ್ಪಿಕೊಂಡದ್ದು ಇದನ್ನೇ ಎಂದು ಬಹಳ ಹೊತ್ತು ಮಾತಾಡಿದರು. ದಾನಮ್ಮ ಪಕ್ಕದವರಿಗೆ, "ಕಪ್ಪಿ ಛಲೋ ಇತ್ತವ್ವಾ, ಪಾಪ" ಎಂದಷ್ಟೇ ಹೇಳಿದರು.

ಹಾವಗೆಪ್ಪನವರು ಮಂಜಿರಿಯ ಕಡೆ ತಿರುಗಿದರು. "ಏನವ್ವಾ, ಈ ಸಲನೂ ಅತ್ತೆ ಏನ್?"

"ಇಲ್ಲ ಕಾಕಾ. ಇವತ್ತು ಅಳು ಬರ್ಲಿಲ್ಲ."

"ಯಾಕ? ಮೂರು ಸಲ ಬಂದದ್ದು ನಾಕನೇ ಸಲ ಯಾಕ ಬರ್ಲಿಲ್ಲ?"

ಹಾವಗೆಪ್ಪನವರು ಎದ್ದು ನಿಂತರು. ಅಂಗಡಿಕಾರನ ತಕ್ಕಡಿಯನ್ನು ಬೋರಲು ಹಾಕಿ, ಅಡಿಗೆ ಅಂಟಿಸಿದ್ದ ಹುಣಸೆಹಣ್ಣಿನ ಉಂಡೆಯನ್ನು ಜನರಿಗೆ ತೋರಿಸುತ್ತಿದ್ದ ಕಾಲದ ದನಿ ಅವರಿಗೆ ತಾನಾಗಿ ಬಂತು. "ಕೇಳ್ರಿ ಎಲ್ಲಾರೂ. ನೀವು ಈಗ ನೋಡಿದ್ದು ಆ ಸಿನಿಮಾ ಅಲ್ಲ. ಇದು ಬ್ಯಾರೇನೇ. ಇದರ ಹೆಸರು ಓದ್ಲಕ್ಕ ನನಗೂ ಬರಂಗಿಲ್ಲ. ಯಾರೂ ಇದನ್ನ ಹೊಗಳಿಲ್ಲ, ಯಾರೂ ಇದಕ್ಕ ಪ್ರಶಸ್ತಿ ಕೊಟ್ಟಿಲ್ಲ. ಆದ್ರ ನೀವು ಚಪ್ಪಾಳಿ ಹೊಡದ್ರಿ. ಯಾಕ ಹೊಡದ್ರಿ? ಹೆಸರಿಗಿ ಹೊಡದ್ರಿ."

ಯಾರೂ ನಗಲಿಲ್ಲ. ನಗುತ್ತಾರೆ ಎಂದು ಹಾವಗೆಪ್ಪನವರು ಅಂದುಕೊಂಡಿದ್ದರು. ನಂದಕುಮಾರರ ಮುಖ ಕೆಂಪಗಾಗಿ, ಆಮೇಲೆ ಬಿಳಿಚಿತು. ಅವರು ತಮ್ಮ ಚೀಲ ತೆಗೆದುಕೊಂಡು, ಚಪ್ಪಲಿಯನ್ನು ಕಾಲಿಗೆ ಸರಿಯಾಗಿ ಸಿಕ್ಕಿಸಿಕೊಳ್ಳದೆಯೇ ಮೆಟ್ಟಿಲಿಳಿದರು.

"ನನಗ ಅಳು ಖರೇನೇ ಬಂದಿತ್ತು ಸಾಬ" ಎಂದರು ಜಾವೀದ ನಿಧಾನವಾಗಿ. "ಅದು ಹೆಸರಿಗಿ ಬಂದದ್ದಲ್ಲ. ನಮ್ಮ ಅಬ್ಬಾ ಇದೇ ಚೌಬಾರಾದಾಗ ಛತ್ರಿ ರಿಪೇರಿ ಮಾಡ್ತಿದ್ರು."

ಹಾವಗೆಪ್ಪನವರು ಜಾವೀದರ ಕಡೆ ತಿರುಗಿದರು. ಅಷ್ಟರಲ್ಲಿ ಮಂಜಿರಿ ಮಾತಾಡಿದಳು.

"ಮಳಿ ಬಂದಾಗೇ ನನಗ ಗೊತ್ತಾತು ಕಾಕಾ, ಇದು ಬ್ಯಾರೆ ಸಿನಿಮಾ ಅಂತ. ನೀವು ತಪ್ಪಿ ಹಾಕೀರಿ ಅಂತ ತಿಳಕೊಂಡೆ. ಇಷ್ಟು ಮಂದಿ ಮುಂದ ಎದ್ದು ಹೇಳಿದ್ರ ನಿಮಗ ಕೆಟ್ಟ ಅನಸ್ತದ ಅಂತ ಸುಮ್ಮ ಕೂತೆ."

"ಈಗ ಹೇಳಿದ್ರ ನಾ ಹ್ಯಾಂಗ ನಂಬಲಿ?"

"ನಂಬಬ್ಯಾಡ್ರಿ" ಎಂದು ಅವಳೂ ಎದ್ದು ಹೋದಳು.

ಮನೆಯ ಮುಂದೆ ಆಟೋದಿಂದ ಇಳಿದು ಬೀಗ ತೆಗೆಯುತ್ತ ದಾನಮ್ಮ ಕೇಳಿದರು. "ಆ ಖರೇ ಸಿನಿಮಾ ನೀವರೇ ಪೂರಾ ನೋಡೀರೇನ್ರಿ?"

"ನೋಡೀನಿ."

"ಪೂರಾ?"

ಹಾವಗೆಪ್ಪನವರು ಚಪ್ಪಲಿ ಬಿಡುವುದರಲ್ಲಿ ತೊಡಗಿದರು. ದಾನಮ್ಮ ಬಾಗಿಲಲ್ಲೇ ನಿಂತಿದ್ದರು. "ಅನ್ನ ಉಣ್ಣೋ ತನಕ ನೋಡೀನಿ" ಎಂದರು ಹಾವಗೆಪ್ಪ ಕೊನೆಗೆ.

"ನೋಡ್ಲಾರದೇ ಹೊಗಳಿದ್ರು ಅಂತ ಆ ಮಾಸ್ತರರ ಮರ್ಯಾದಿ ತಗದ್ರಿ. ನೀವು ನೋಡ್ಲಾರದೇ ಬೈದ್ರಿ. ಫರಕ್ ಏನದ ಅದರಾಗ?"

ಮರುದಿನ ಊಟವಾದ ಮೇಲೆ ಇಬ್ಬರೂ ಕೂತು ಆ ಸಿನಿಮಾ ಮೊದಲಿನಿಂದ ನೋಡಿದರು. ಮೊದಲ ಭಾಗ ನಿಜಕ್ಕೂ ಜಡವಾಗಿತ್ತು. ಅನ್ನ ಉಣ್ಣುವಲ್ಲಿ ಹಾವಗೆಪ್ಪನವರಿಗೆ ಮತ್ತೆ ಆಕಳಿಕೆ ಬಂತು. ಈ ಸಲ ಆರಿಸಲಿಲ್ಲ. ಹುಡುಗಿ ಆ ಮೂಕ ಗಂಟೆಯನ್ನು ಹಿಮದಲ್ಲಿ ಜಾರುವ ಬಂಡಿಯ ಮೇಲೆ ಹೇರಿಕೊಂಡು ಬೆಟ್ಟ ಹತ್ತತೊಡಗಿದಳು. ನಡುವೆ ಅವಳು ಬಿದ್ದಳು, ಗಂಟೆ ಹಿಂದಕ್ಕೆ ಜಾರಿತು, ಅವಳು ಅಳದೆ ಇಳಿದು ಮತ್ತೆ ಎಳೆದಳು. ಹಾವಗೆಪ್ಪನವರು ತಮಗೇ ಗೊತ್ತಿಲ್ಲದೆ ಮುಂದಕ್ಕೆ ಬಾಗಿ ಕೂತಿದ್ದರು. ಕೊನೆಗೆ ಬೆಟ್ಟದ ಸಂದಿನಲ್ಲಿ ಗಂಟೆ ತೂಗಿತು. ಗಾಳಿ ಬೀಸಿತು. ಸಪ್ಪಳ ಕೇಳಲಿಲ್ಲ. ಟೀವಿಯ ಆವಾಜು ಹೋಯಿತೇನೋ ಎಂದು ಅವರು ರಿಮೋಟಿಗೆ ಕೈ ಹಾಕಿದರು. ಅಷ್ಟರಲ್ಲಿ ಪರದೆಯಲ್ಲಿ, ಕೆಳಗಿನ ಊರಿನಲ್ಲಿ, ಒಬ್ಬೊಬ್ಬರೇ ಕೆಲಸ ನಿಲ್ಲಿಸಿ ತಲೆ ಎತ್ತಿ ಬೆಟ್ಟದ ಕಡೆ ನೋಡತೊಡಗಿದರು. ಎಲ್ಲೋ ದೂರದ ಹಾದಿಯಲ್ಲಿ ಹೋಗುತ್ತಿದ್ದ ಅವಳ ಅಪ್ಪ ಕೂಡ ನಿಂತ. ಅಲ್ಲಿಗೆ ಸಿನಿಮಾ ಮುಗಿಯಿತು.

ದಾನಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಛಲೋ ಅದ. ಆದ್ರ ನನಗ ಕಪ್ಪೀದೇ ಸೇರ್ತು" ಎಂದು ಚಹಾಕ್ಕಿಡಲು ಹೋದರು.

ಹಾವಗೆಪ್ಪನವರು ಕೂತೇ ಇದ್ದರು. ಎದೆಯಲ್ಲಿ ಏನೋ ಆಗಿತ್ತು, ಅದು ಸುಳ್ಳಲ್ಲ. ಆದರೆ ಅದು ತನಗೇ ಆದದ್ದೋ, ಇಷ್ಟು ಜನ ಹೊಗಳಿದ್ದಾರೆ ಎಂದು ಆದದ್ದೋ? ಹೆಸರಿಲ್ಲದ ಸಿನಿಮಾವಾಗಿದ್ದರೆ ಎರಡನೇ ಸಲ ಹಚ್ಚುತ್ತಿದ್ದರೇ? ಜೀವಮಾನವೆಲ್ಲ ಬೇರೆಯವರ ತಕ್ಕಡಿ ಹಿಡಿದು ನೋಡಿದವರಿಗೆ ತಮ್ಮದನ್ನು ಹೇಗೆ ನೋಡಬೇಕೆಂಬುದು ತಿಳಿಯಲಿಲ್ಲ. ಮಂಜಿರಿಯ ಮೇಲಿನ ಅನುಮಾನವೂ ಹೋಗಿರಲಿಲ್ಲ. ಸಿನಿಮಾ ಛಲೋ ಇದ್ದ ಮಾತ್ರಕ್ಕೆ ಅವಳು ಅದನ್ನು ನೋಡಿದ್ದಾಳೆ ಎಂದೇನೂ ಅಲ್ಲವಲ್ಲ.

ಎರಡು ದಿನ ತಡೆದು ಅವರು ಔರಾದದ ಬಸ್ಸು ಹತ್ತಿದರು. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ್ದರು. ಸಂತಪುರ ದಾಟುವಷ್ಟರಲ್ಲಿ ಅವಳನ್ನು ಪರೀಕ್ಷಿಸಲು ಒಂದು ಮಾತನ್ನೂ ಸಿದ್ಧಮಾಡಿಕೊಂಡಿದ್ದರು.

ದವಾಖಾನೆಯಲ್ಲಿ ಒಬ್ಬ ರೈತ ದವಡೆ ಹಿಡಿದುಕೊಂಡು ಹೊರಗೆ ಬಂದ. ಮಂಜಿರಿ ಕೈ ತೊಳೆಯುತ್ತಿದ್ದಳು. ಇವರನ್ನು ಕಂಡು ನಗಲಿಲ್ಲ. ಕುರ್ಚಿ ಮಾತ್ರ ತೋರಿಸಿದಳು.

"ನಾನೂ ನೋಡ್ದೆನವ್ವಾ ಆ ಸಿನಿಮಾ" ಎಂದರು ಹಾವಗೆಪ್ಪ. "ಕೊನಿಗಿ ಗಂಟಿ ಅಷ್ಟು ಜೋರ ಬಾರಿಸ್ತದಲ್ಲ, ಮೈ ಝುಂ ಅಂತು."

ಮಂಜಿರಿ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅವರನ್ನೇ ನೋಡಿದಳು. "ಗಂಟಿ ಸಪ್ಪಳ ಕೇಳಸೋದೇ ಇಲ್ಲ ಕಾಕಾ ಅದರಾಗ. ಮಂದಿ ತಲಿ ಎತ್ತಿ ನೋಡೋದಷ್ಟೇ ಕಾಣಸ್ತದ. ಅದು ನಿಮಗೂ ಗೊತ್ತದ." ಟವೆಲ್ಲನ್ನು ಗೂಟಕ್ಕೆ ಹಾಕಿ ಅಂದಳು, "ಔರಾದ ತನಕ ಬಂದು ನನ್ನ ಪರೀಕ್ಷಾ ಮಾಡ್ಲಕತ್ತೀರಿ, ಹೌದಿಲ್ರಿ?"

ಹಾವಗೆಪ್ಪನವರು ತಲೆ ತಗ್ಗಿಸಿದರು. ಇಲಾಖೆಯ ಕೆಲಸದಲ್ಲಿ ಅವರು ಎಷ್ಟೋ ಜನರನ್ನು ಹಿಡಿದಿದ್ದರು. ಹಿಡಿದದ್ದು ತಪ್ಪಾಗಿದ್ದರೆ ಸಹಿ ಮಾಡಿ, ಸರಿ ಇದೆ ಎಂದು ಹೇಳಿ ಮುಂದಿನ ಅಂಗಡಿಗೆ ಹೋಗಿಬಿಡುತ್ತಿದ್ದರು. ಇಲ್ಲಿ ಹೋಗಲು ಮುಂದಿನ ಅಂಗಡಿ ಇರಲಿಲ್ಲ. "ತಪ್ಪಾತವ್ವಾ" ಎಂದರು. "ಅವತ್ತೂ ತಪ್ಪಾತು, ಇವತ್ತೂ ತಪ್ಪಾತು."

ಮಂಜಿರಿ ಎದುರಿಗೆ ಕೂತಳು. "ನಾನೂ ಒಂದು ಹೇಳ್ತೇನಿ. ಮೂರು ಸಲ ನೋಡೀನಿ ಅಂದೆನಲ್ಲ? ಮೊದಲ ಎರಡು ಸಲ ನಿದ್ದಿ ಹತ್ತಿತ್ತು. ಕಾಲೇಜಿನಾಗ ಗೆಳತ್ಯಾರೆಲ್ಲ ಆಹಾ ಓಹೋ ಅಂತಿದ್ರು. ನನಗ ತಿಳೀಲಿಲ್ಲ ಅಂದ್ರ ದಡ್ಡಿ ಅಂತಾರಂತ ನಾನೂ ಆಹಾ ಅಂದೆ."

"ಮತ್ತ ಮೂರನೇ ಸಲ?"

"ನಮ್ಮ ಅತ್ತಿಯವರಿಗಿ ಲಕ್ವಾ ಹೊಡದು ಅರ್ಧ ಮೈ ಬಿತ್ತು. ಸುಲಭಾಬಾಯಿ ಅಂದ್ರ ಇಡೀ ಗಲ್ಲಿಗಿ ಗೊತ್ತು, ಮಾತು ನಿಲ್ಲಸಿದವರೇ ಅಲ್ಲ. ಅವರ ಮಾತೇ ಹೋತು. ದಿನಾ ಸಂಜಿಕಿ ನಾವಿಬ್ರೇ ಎದುರು ಬದುರು ಕೂತು ಉಣ್ತಿದ್ವಿ. ಏನ್ ಮಾತಾಡಬೇಕು? ಒಂದಿನ ಅವರು ಮಲಗಿದಾಗ ಸುಮ್ಮ ಆ ಸಿನಿಮಾ ಹಚ್ಚಿದೆ. ಅನ್ನ ಉಣ್ಣೋದು ಬಂತಲ್ಲ..." ಅವಳು ನಿಲ್ಲಿಸಿದಳು. "ಅದಕ್ಕ ಹೇಳ್ಲಿಲ್ಲ ಕಥಿ. ಅನ್ನ ಉಣ್ತಾರ ಅಂದ್ರ ನೀವೆಲ್ಲ ನಗ್ತಿದ್ರಿ."

ನಗುತ್ತಿದ್ದರು ನಿಜ. ಹಾವಗೆಪ್ಪನವರು ಒಪ್ಪಿಕೊಂಡರು. ಆಮೇಲೆ, ಅದು ಅವರ ಸ್ವಭಾವ, ಇನ್ನೊಂದು ಕೇಳಿಯೇಬಿಟ್ಟರು. "ಹಂಗಾದ್ರ ಅದು ಸಿನಿಮಾದ ದೊಡ್ಡಸ್ತಿಕಿಯೋ, ನಿಮ್ಮ ಅತ್ತೀದೋ?"

"ಗೊತ್ತಿಲ್ಲ ಕಾಕಾ" ಎಂದು ಮಂಜಿರಿ ನಕ್ಕಳು. "ಅದನ್ನೇ ನೋಡ್ಲಕ್ಕ ಬಳಗದಾಗ ಹಾಕ್ರಿ ಅಂದದ್ದು. ಒಬ್ಬಾಕಿನೇ ಕೂತು ಹ್ಯಾಂಗ ತಿಳೀಬೇಕು?"

ಅವಳನ್ನು ಬಳಗಕ್ಕೆ ಮರಳಲು ಒಪ್ಪಿಸಿದ್ದಾಯಿತು. ಉಳಿದದ್ದು ಭಾಲ್ಕಿಯ ಮೇಷ್ಟರು. ನಂದಕುಮಾರರು ಬಳಗದ ಕಡೆ ತಿರುಗಿ ನೋಡುವುದಿಲ್ಲ ಎಂದು ಜಾವೀದರಿಗೆ ಫೋನಿನಲ್ಲಿ ಹೇಳಿದ್ದರಂತೆ. ಹಾವಗೆಪ್ಪನವರು ಅವರ ಮನೆಗೇ ಹೋದರು. ಮೇಷ್ಟರು ಬಾಗಿಲು ತೆಗೆದರು. ಒಳಗೆ ಕರೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ನೀವು ಒಬ್ಬ ಕಳ್ಳನ್ನ ಹಿಡದಂಗ ಹಿಡದ್ರಿ ನನ್ನ" ಎಂದರು. "ನಾ ಕಳವು ಮಾಡಿದ್ದೇನಿತ್ರಿ? ಅದಕ್ಕ ಸಿಕ್ಕ ಪ್ರಶಸ್ತಿ ಬಗ್ಗೆ ಓದಿದ್ದೆ, ಓದಿದ್ದು ಹೇಳಿದೆ."

"ನೋಡ್ಲಾರದೇ ಹೇಳಿದ್ರಿ ಸರ್. ನಾನೂ ನೋಡ್ಲಾರದೇ ಹಿಡದೆ. ಇಬ್ಬರ ತೂಕಾನೂ ಕಮ್ಮೀನೇ ಬಂತು."

ನಂದಕುಮಾರರು ಕೆಲವು ಷರತ್ತು ಹಾಕಿ, ಆ ಗಂಟೆಯ ಸಿನಿಮಾ ಎಲ್ಲರೂ ಕೂಡಿ ನೋಡಲು ಒಪ್ಪಿದರು. ಸಿನಿಮಾ ಭಾಲ್ಕಿಯಲ್ಲಿ, ತಮ್ಮ ಕಾಲೇಜಿನ ಸಭಾಂಗಣದಲ್ಲಿ ಆಗಬೇಕು. ಮುಂಚೆ ಯಾರೂ ಏನೂ ಹೇಳಬಾರದು, ತಾವೂ ಹೇಳುವುದಿಲ್ಲ. ಮುಗಿದ ಮೇಲೆ ಮೊದಲು ಹಾವಗೆಪ್ಪನವರೇ ಎದ್ದು ನಿಂತು ತಮಗೆ ಅನಿಸಿದ್ದು ಹೇಳಬೇಕು, ಬೇರೆಯವರ ಮುಖ ನೋಡುವ ಮೊದಲು.

ಆ ಭಾನುವಾರ ಬೀದರಿನಿಂದ ಜಾವೀದರ ವ್ಯಾನಿನಲ್ಲೇ ಎಲ್ಲರೂ ಹೊರಟರು. ಹಲಬರ್ಗಾದ ತಿರುವಿನಲ್ಲಿ ದಾನಮ್ಮ ಗಾಡಿ ನಿಲ್ಲಿಸಲು ಹೇಳಿ, ಅಲ್ಲೇ ಹೊಲವಿದ್ದ ಭಾವನ ಮಗನಿಂದ ಸುಟ್ಟು ತಿನ್ನುವ ಎಳೆ ಜೋಳದ ಸಿಹಿತೆನೆ ತೆಗೆದುಕೊಂಡರು. ಸಭಾಂಗಣದಲ್ಲಿ ಬಳಗದವರ ಜೊತೆಗೆ ಕಾಲೇಜಿನ ಒಂದಷ್ಟು ವಿದ್ಯಾರ್ಥಿಗಳೂ ಇದ್ದರು. ಹಾವಗೆಪ್ಪನವರನ್ನು ನಂದಕುಮಾರರು ಮುಂದಿನ ಸಾಲಿನ ನಡುವೆ ಕೂರಿಸಿದರು. ಅಲ್ಲಿಂದ ಪರದೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅನ್ನ ಉಣ್ಣುವಲ್ಲಿ ಹಿಂದಿನಿಂದ ಯಾರೋ ಕಿಸಕ್ಕೆಂದರು. ಒಂದಿಬ್ಬರು ಎದ್ದು ಹೋದ ಸಪ್ಪಳವಾಯಿತು. ಜಾವೀದರ ಗೊರಕೆ ಸಣ್ಣಗೆ ಕೇಳಿಬಂತು. ಯಾರು ನಕ್ಕವರು, ಯಾರು ಹೋದವರು ಎಂದು ತಿರುಗಿ ನೋಡಬೇಕೆಂದು ಹಾವಗೆಪ್ಪನವರ ಕತ್ತು ತುಡಿಯಿತು. ಹಲ್ಲು ಕಚ್ಚಿ ಕೂತರು. ಬೆಟ್ಟ ಹತ್ತುವಾಗ ಗೊರಕೆ ನಿಂತಿತು. ಗಂಟೆ ತೂಗಿ ಸಪ್ಪಳ ಬಾರದೆ ಹೋದಾಗ ಜಾವೀದರು ಧಡಕ್ಕನೆ ಎದ್ದು, "ಅರೇ, ಸ್ಪೀಕರ್ ಹೋತು!" ಎಂದು ವೈರಿನ ಕಡೆ ಓಡಿದರು. ಮಂಜಿರಿ ಅವರ ತೋಳು ಹಿಡಿದು ಕೂರಿಸಿದಳು.

ದೀಪ ಹತ್ತಿದ ಮೇಲೂ ಚಪ್ಪಾಳೆ ಬೀಳಲಿಲ್ಲ. ಹಾವಗೆಪ್ಪನವರು ಎದ್ದು ನಿಂತರು.

"ಹೆಸರು ಇದ್ದಷ್ಟು ಇದು ಇಲ್ಲ ಅನಸ್ತದ ನನಗ" ಎಂದರು. "ಮೊದಲಿನ ಭಾಗ ಎಳದಾರ. ಅಲ್ಲಿ ಯಾರರೇ ಅಳ್ತೇನಿ ಅಂದ್ರ ನಾ ಇನ್ನೂ ಸಂಶಯಾನೇ ಮಾಡ್ತೇನಿ, ಅವರ ಮನ್ಯಾಗ ಅಂಥದೇನರೇ ಆಗಿದ್ರ ಬ್ಯಾರೆ ಮಾತು. ಆದ್ರ ಆ ಪೋರಿ ಬೆಟ್ಟ ಹತ್ತೋದು... ಅದಕ್ಕ ಯಾರು ಎಷ್ಟು ಹೊಗಳಿದ್ರೂ ಜಾಸ್ತಿ ಆಗಂಗಿಲ್ಲ. ಇಷ್ಟೇ."

"ಮೊದಲಿನ ಭಾಗ ಇಲ್ಲಂದ್ರ ಬೆಟ್ಟ ಹತ್ತೋದಕ್ಕ ಏನ್ ಕಿಮ್ಮತ್ತು ಕಾಕಾ?" ಎಂದು ಮಂಜಿರಿ ಕೂತಲ್ಲಿಂದಲೇ ಕೂಗಿದಳು. ಒಬ್ಬ ವಿದ್ಯಾರ್ಥಿ ತನಗೆ ಏನೂ ಅನಿಸಲಿಲ್ಲ, ಚಿತ್ರ ಮಾತ್ರ ಚಂದ ಬಿಡಿಸಿದ್ದಾರೆ ಎಂದ. ಇನ್ನೊಬ್ಬಳು ಅವನ ಮೇಲೆ ಹರಿಹಾಯ್ದಳು. ದಾನಮ್ಮ ಕಪ್ಪೆಯ ಪರವಾಗಿ ಮಾತಾಡಿದರು, ಅದನ್ನು ನೋಡದ ವಿದ್ಯಾರ್ಥಿಗಳು ಯಾವ ಕಪ್ಪೆ ಎಂದು ಕಂಗಾಲಾದರು. ಜಾವೀದರು ತಾವು ನಿದ್ದೆ ಮಾಡಿಲ್ಲವೆಂದೂ ಕಣ್ಣು ಮುಚ್ಚಿ ಕೇಳುತ್ತಿದ್ದೆವೆಂದೂ ಎರಡು ಸಲ ಹೇಳಿದರು. ಅಷ್ಟು ಜಗಳ ಆ ಬಳಗದಲ್ಲಿ ಹಿಂದೆಂದೂ ಆಗಿರಲಿಲ್ಲ.

ಎಲ್ಲರದೂ ಆದ ಮೇಲೆ ನಂದಕುಮಾರರು ಎದ್ದರು. ಕೈಯಲ್ಲಿ ಚೀಟಿ ಇರಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ನನಗ ಪೂರಾ ತಿಳೀಲಿಲ್ಲರಿ" ಎಂದರು. "ಇನ್ನೊಂದು ಸಲ ನೋಡಬೇಕು." ಇಷ್ಟು ಹೇಳಿ ಕೂತುಬಿಟ್ಟರು. ಆಗ ಮಾತ್ರ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಹಾವಗೆಪ್ಪನವರೂ ತಟ್ಟಲು ಕೈ ಎತ್ತಿ, ತಡೆದರು. ಮೇಷ್ಟರು ತಿಳಿಯಲಿಲ್ಲ ಎಂದದ್ದು ಖರೇನೋ, ಹಾಗೆ ಹೇಳಿದರೆ ದೊಡ್ಡವರಾಗಿ ಕಾಣುತ್ತೇವೆಂದು ಹೇಳಿದ್ದೋ? ಅವರು ಮೆಲ್ಲನೆ ಹಿಂದಕ್ಕೆ ತಿರುಗಿ ನಂದಕುಮಾರರ ಮುಖ ನೋಡಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ದಾನಮ್ಮ ಅವರನ್ನೇ ನೋಡುತ್ತಿದ್ದರು.

"ಚಪ್ಪಾಳಿ ಹೊಡೀರಿ ಸುಮ್ಮ" ಎಂದರು ದಾನಮ್ಮ.

ಹಾವಗೆಪ್ಪನವರು ಹೊಡೆದರು.